ಕಿಲೋಮೋಲ್, ಪೌಂಡ್‌ಮೋಲ್, ಎನ್‌ಎಂ ಕ್ಯೂಬ್: ಮೋಲಾರ್ ಫ್ಲೋ ಲೆಕ್ಕ ತಪ್ಪದಂತೆ ಬದಲಿಸುವುದು ಹೇಗೆ?

ಈ ಪೈಪಿನಲ್ಲಿ ಎಷ್ಟು ಗ್ಯಾಸ್ ಹೋಗುತ್ತಿದೆ ಎಂದು ಕೇಳಿ ನೋಡಿ. ಒಂದೇ ಪ್ಲಾಂಟಿನೊಳಗೆ ನಾಲ್ಕು ಉತ್ತರ ಸಿಗುತ್ತವೆ. ಕಂಟ್ರೋಲ್ ರೂಮಿನ ಪರದೆ ಗಂಟೆಗೆ ಇಷ್ಟು ಎನ್‌ಎಂ ಕ್ಯೂಬ್, ಅಂದರೆ ನಾರ್ಮಲ್ ಕ್ಯೂಬಿಕ್ ಮೀಟರ್, ಎನ್ನುತ್ತದೆ. ಡಿಸೈನ್ ಫೈಲು ತೆರೆದರೆ ಕಿಲೋಮೋಲ್. ಹಳೆಯ ಅಮೆರಿಕನ್ ಡೇಟಾಶೀಟಿನಲ್ಲಿ ಪೌಂಡ್‌ಮೋಲ್. ಬಿಲ್ ಪಾಸ್ ಮಾಡುವವರ ಹತ್ತಿರ ಟನ್. ನಾಲ್ಕೂ ಸರಿಯಾಗಿಯೇ ಇರಬಹುದು. ಒಂದರಿಂದ ಇನ್ನೊಂದಕ್ಕೆ ಹೋಗುವಾಗಲೇ ನಾವು ಜಾರುವುದು.

ನಾನೂ ಜಾರಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ನೈಟ್ರೋಜನ್ ಯೂನಿಟ್‌ಗೆ ಇಂಡೆಂಟ್ ಹಾಕಬೇಕಿತ್ತು. ನಮಗೆ ಬೇಕಿದ್ದುದು ಗಂಟೆಗೆ 500 ಎನ್‌ಎಂ ಕ್ಯೂಬ್. ಅವಸರದಲ್ಲಿ 'ಗಂಟೆಗೆ 500 ಕ್ಯೂಬಿಕ್ ಮೀಟರ್' ಎಂದಷ್ಟೇ ಬರೆದೆ. ಬಂದ ಕೊಟೇಶನ್ನಿನಲ್ಲೂ 500 ಎಂದೇ ಇತ್ತು. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ '25 ಡಿಗ್ರಿ, 1 ಅಟ್ಮಾಸ್ಫಿಯರ್' ಎಂದು ಅಚ್ಚಾಗಿದ್ದುದನ್ನು ನಾನೂ ಓದಲಿಲ್ಲ, ಸಹಿ ಹಾಕಿದ ಸಾಹೇಬರೂ ಓದಲಿಲ್ಲ. ಯೂನಿಟ್ ಬಂದು ಕೂತ ಮೇಲೆ ಗೊತ್ತಾಯಿತು, ಬೇಕಿದ್ದ ನೈಟ್ರೋಜನ್‌ಗಿಂತ ಶೇಕಡ 8ರಷ್ಟು ಕಡಿಮೆ ಬರುತ್ತಿದೆ ಎಂದು. ಕಳಿಸಿದವರದೇನೂ ತಪ್ಪಿರಲಿಲ್ಲ. ಆ ಶೇಕಡ 8 ಎಲ್ಲಿಂದ ಬಂತು ಎಂಬುದನ್ನು ನಾಲ್ಕನೆಯ ಹೆಜ್ಜೆಯಲ್ಲಿ ಬಿಡಿಸುತ್ತೇನೆ.

ಹೆಜ್ಜೆ 1: ಕೈಯಲ್ಲಿರುವ ಅಂಕಿ ಯಾವ ಜಾತಿಯದು?

ಕ್ಯಾಲ್ಕ್ಯುಲೇಟರ್ ಮುಟ್ಟುವ ಮೊದಲು ಇದನ್ನು ನೋಡಿಕೊಳ್ಳಿ. ಹರಿವಿನ ಅಂಕಿಗಳು ಮೂರೇ ಬಗೆ.

ಮೊದಲನೆಯದು ನೇರವಾಗಿ ಮೋಲ್ ಲೆಕ್ಕ: ಮೋಲ್/ಸೆಕೆಂಡ್, ಕಿಲೋಮೋಲ್/ಗಂಟೆ, ಪೌಂಡ್‌ಮೋಲ್/ಗಂಟೆ. ಇವನ್ನು ಒಂದರಿಂದ ಒಂದಕ್ಕೆ ಬದಲಿಸಲು ಒಂದು ಗುಣಾಕಾರ ಸಾಕು. ಯಾವ ಅನಿಲ, ಎಷ್ಟು ಬಿಸಿ ಎಂದೆಲ್ಲ ಕೇಳಬೇಕಾಗಿಲ್ಲ.

ಎರಡನೆಯದು ತೂಕ: ಕಿಲೋ/ಗಂಟೆ, ಟನ್/ದಿನ. ಇಲ್ಲಿ ವಸ್ತು ಯಾವುದು ಎಂದು ತಿಳಿಯಲೇಬೇಕು, ಯಾಕೆಂದರೆ ಅಣುತೂಕ ಬೇಕು.

ಮೂರನೆಯದು ಗಾತ್ರ: ಲೀಟರ್/ನಿಮಿಷ, ಕ್ಯೂಬಿಕ್ ಮೀಟರ್/ಗಂಟೆ. ದ್ರವವಾದರೆ ಸಾಂದ್ರತೆ ಬೇಕು. ಅನಿಲವಾದರೆ ತಾಪಮಾನ, ಒತ್ತಡ ಎರಡೂ ಬೇಕು. ಜಗಳ, ಮರು ಟೆಂಡರ್, ರಾತ್ರಿ ಫೋನು ಎಲ್ಲ ಹುಟ್ಟುವುದು ಇಲ್ಲೇ.

ಹೆಜ್ಜೆ 2: ಮೋಲ್‌ನಿಂದ ಮೋಲ್‌ಗೆ

ಒಂದು ಮೋಲ್ ಎಂದರೆ 6.02214076×10²³ ಕಣಗಳು. 2019ರ ಮೇ 20ರಿಂದ ಈ ಸಂಖ್ಯೆಯೇ ಮೋಲ್‌ನ ವ್ಯಾಖ್ಯೆ. ಅದಕ್ಕೂ ಮೊದಲು 12 ಗ್ರಾಂ ಕಾರ್ಬನ್-12ರಲ್ಲಿರುವ ಪರಮಾಣುಗಳಷ್ಟು ಎಂದು ಹೇಳುತ್ತಿದ್ದರು. ಪ್ಲಾಂಟ್ ಲೆಕ್ಕದಲ್ಲಿ ಈ ಎರಡಕ್ಕೂ ಕಾಣುವಂಥ ವ್ಯತ್ಯಾಸವೇನಿಲ್ಲ. ಹಳೆಯ ಪುಸ್ತಕ ಬಿಸಾಡಬೇಡಿ.

ಅಂತರರಾಷ್ಟ್ರೀಯ ಪದ್ಧತಿಯ ಮಾನ ಮೋಲ್/ಸೆಕೆಂಡ್. ಕಾರ್ಖಾನೆಯಲ್ಲಿ ಬಾಯಿಗೆ ಬರುವುದು ಕಿಲೋಮೋಲ್/ಗಂಟೆ. ಒಂದು ಕಿಲೋಮೋಲ್‌ಗೆ 1000 ಮೋಲ್, ಒಂದು ಗಂಟೆಗೆ 3600 ಸೆಕೆಂಡ್. ಹಾಗಾಗಿ ಕಿಲೋಮೋಲ್/ಗಂಟೆಯನ್ನು 3.6ರಿಂದ ಭಾಗಿಸಿದರೆ ಮೋಲ್/ಸೆಕೆಂಡ್ ಸಿಕ್ಕಿತು. ಮೋಲ್/ನಿಮಿಷವನ್ನು 0.06ರಿಂದ ಗುಣಿಸಿದರೆ ಕಿಲೋಮೋಲ್/ಗಂಟೆ. ಕಿಲೋಮೋಲ್/ದಿನವನ್ನು 86.4ರಿಂದ ಭಾಗಿಸಿದರೆ ಮತ್ತೆ ಮೋಲ್/ಸೆಕೆಂಡ್. ಈ ಮೂರನ್ನು ಡೈರಿಯ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ಪೌಂಡ್‌ಮೋಲ್ ಕಂಡರೆ ಹೊಸಬರು ಹೆದರುತ್ತಾರೆ. ಹೆದರುವಂಥದ್ದೇನೂ ಇಲ್ಲ. ನೀರಿನ ಅಣುತೂಕ 18. 18 ಗ್ರಾಂ ನೀರು ಒಂದು ಮೋಲ್, 18 ಕಿಲೋ ನೀರು ಒಂದು ಕಿಲೋಮೋಲ್, 18 ಪೌಂಡ್ ನೀರು ಒಂದು ಪೌಂಡ್‌ಮೋಲ್. ಅಷ್ಟೇ. ಒಂದು ಪೌಂಡ್ ಎಂದರೆ ಸರಿಯಾಗಿ 453.59237 ಗ್ರಾಂ ಎಂದು 1959ರಲ್ಲೇ ಒಪ್ಪಂದವಾಗಿದೆ. ಆದ್ದರಿಂದ ಒಂದು ಪೌಂಡ್‌ಮೋಲ್ ಎಂದರೆ 453.59237 ಮೋಲ್.

ಡೇಟಾಶೀಟಿನಲ್ಲಿ 250 ಪೌಂಡ್‌ಮೋಲ್/ಗಂಟೆ ಇದೆ ಎಂದುಕೊಳ್ಳಿ.

250 × 0.45359 = 113.4 ಕಿಲೋಮೋಲ್/ಗಂಟೆ
113.4 ÷ 3.6 = 31.5 ಮೋಲ್/ಸೆಕೆಂಡ್

ಗುಣಿಸಬೇಕೋ ಭಾಗಿಸಬೇಕೋ ಎಂಬ ಅನುಮಾನ ಬಂದರೆ ತರಕಾರಿ ಅಂಗಡಿ ನೆನಪಿಸಿಕೊಳ್ಳಿ. ಅದೇ ಆಲೂಗಡ್ಡೆಯನ್ನು ಸಣ್ಣ ಬಟ್ಟಲಲ್ಲಿ ಅಳೆದರೆ ಎಣಿಕೆ ಜಾಸ್ತಿ, ದೊಡ್ಡದರಲ್ಲಿ ಅಳೆದರೆ ಕಡಿಮೆ. ಪೌಂಡ್‌ಮೋಲ್ ಸಣ್ಣ ಬಟ್ಟಲು, ಕಿಲೋಮೋಲ್ ದೊಡ್ಡದು. ಪೌಂಡ್‌ಮೋಲ್‌ನಿಂದ ಕಿಲೋಮೋಲ್‌ಗೆ ಹೋದಾಗ ಅಂಕಿ ಅರ್ಧಕ್ಕಿಂತ ತುಸು ಕೆಳಗಿಳಿಯಬೇಕು. ಏರಿದ್ದರೆ ತಲೆಕೆಳಗಾಗಿದೆ.

ಹೆಜ್ಜೆ 3: ತೂಕದಿಂದ ಮೋಲ್‌ಗೆ

ಸೂತ್ರ ಒಂದೇ ಸಾಲು: ಕಿಲೋ/ಗಂಟೆಯನ್ನು ಅಣುತೂಕದಿಂದ ಭಾಗಿಸಿದರೆ ಕಿಲೋಮೋಲ್/ಗಂಟೆ. ಇಷ್ಟು ಸುಲಭವಾದದ್ದಕ್ಕೆ ತೂಕದಲ್ಲೇ ಇದ್ದುಬಿಡಬಾರದೇ, ಮೋಲ್ ಯಾಕೆ ಬೇಕು ಎಂದು ಕೇಳುವವರಿಗೆ ನಮ್ಮ ಸಕ್ಕರೆ ಕಾರ್ಖಾನೆಗಳ ಪಕ್ಕದ ಡಿಸ್ಟಿಲರಿಯನ್ನೇ ತೋರಿಸುತ್ತೇನೆ.

ಡಿಸ್ಟಿಲರಿಯವರು ಮಾತಾಡುವುದು ಕೆಎಲ್‌ಪಿಡಿಯಲ್ಲಿ, ಅಂದರೆ ದಿನಕ್ಕೆ ಎಷ್ಟು ಕಿಲೋಲೀಟರ್. 60 ಕೆಎಲ್‌ಪಿಡಿ ಘಟಕ ಒಂದಿದೆ, ಲೆಕ್ಕ ಶುದ್ಧ ಎಥನಾಲಿನದು ಎಂದುಕೊಳ್ಳೋಣ. ಫರ್ಮೆಂಟರ್‌ನಿಂದ ಎಷ್ಟು ಕಾರ್ಬನ್ ಡೈಆಕ್ಸೈಡ್ ಏಳುತ್ತದೆ? ಲೀಟರ್ ಹಿಡಿದುಕೊಂಡು ಕೂತರೆ ಉತ್ತರ ಹೊಳೆಯುವುದೇ ಇಲ್ಲ. ಮೋಲ್‌ಗೆ ಬಂದರೆ ಅರೆ ನಿಮಿಷದ ಕೆಲಸ.

20 ಡಿಗ್ರಿಯಲ್ಲಿ ಎಥನಾಲಿನ ಸಾಂದ್ರತೆ ಲೀಟರಿಗೆ 0.789 ಕಿಲೋ, ಅಣುತೂಕ 46.07.

60,000 ಲೀಟರ್ × 0.789 = 47,340 ಕಿಲೋ/ದಿನ
47,340 ÷ 46.07 = 1027.6 ಕಿಲೋಮೋಲ್/ದಿನ
1027.6 ÷ 24 = 42.8 ಕಿಲೋಮೋಲ್/ಗಂಟೆ

ಹುದುಗುವಾಗ ಒಂದು ಗ್ಲೂಕೋಸ್ ಅಣು ಒಡೆದು ಎರಡು ಎಥನಾಲ್, ಎರಡು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಎರಡಕ್ಕೆ ಎರಡು, ಸಮಸಮ. ಹಾಗಾದರೆ ಕಾರ್ಬನ್ ಡೈಆಕ್ಸೈಡ್ ಕೂಡ 42.8 ಕಿಲೋಮೋಲ್/ಗಂಟೆ! ಅದರ ಅಣುತೂಕ 44.01. ಗುಣಿಸಿದರೆ ಗಂಟೆಗೆ ಸುಮಾರು 1,884 ಕಿಲೋ, ದಿನಕ್ಕೆ 45 ಟನ್. ಅದನ್ನು ಹಿಡಿದು, ಶುದ್ಧ ಮಾಡಿ, ಸೋಡಾ ಬಾಟಲಿಗೋ ಡ್ರೈ ಐಸ್‌ಗೋ ಮಾರುವ ಘಟಕ ಹಾಕಬೇಕೆಂದರೆ ಮೊದಲು ಬೇಕಾಗುವ ಅಂಕಿ ಇದೇ.

ಇದರಲ್ಲಿ ಎರಡು ಗುಂಡಿಗಳಿವೆ. 60 ಕೆಎಲ್‌ಪಿಡಿ ಎಂದದ್ದು ರೆಕ್ಟಿಫೈಡ್ ಸ್ಪಿರಿಟ್‌ನ ಲೆಕ್ಕವಾಗಿದ್ದರೆ ಅದರಲ್ಲಿ ನೀರೂ ಇರುತ್ತದೆ. ಗಾತ್ರದಲ್ಲಿ ಶೇಕಡ 95 ಸ್ಪಿರಿಟ್ ಎಂದರೆ ಶುದ್ಧ ಎಥನಾಲ್ 57 ಕಿಲೋಲೀಟರ್ ಮಾತ್ರ, ಮೋಲ್ ಲೆಕ್ಕವೂ ಅಷ್ಟೇ ಇಳಿಯುತ್ತದೆ. ಎರಡನೆಯದು, ಸಾಂದ್ರತೆಯ ಜೊತೆ ತಾಪಮಾನವನ್ನೂ ಕೇಳಿ. ಮೇ ತಿಂಗಳ ಬಿಸಿಲಲ್ಲಿ ಟ್ಯಾಂಕಿನ ಎಥನಾಲ್ ಹಿಗ್ಗಿರುತ್ತದೆ. ಲೀಟರ್ ಅಷ್ಟೇ ಇದ್ದರೂ ಒಳಗಿನ ಮೋಲ್ ಕಡಿಮೆ.

ಮಿಶ್ರಣವಾದರೆ ಸರಾಸರಿ ಅಣುತೂಕ ಹಿಡಿಯಬೇಕು. ಅದೇ ಡಿಸ್ಟಿಲರಿಯ ಸ್ಪೆಂಟ್‌ವಾಶ್‌ನಿಂದ (ಬಟ್ಟಿ ಇಳಿಸಿದ ಮೇಲೆ ಉಳಿಯುವ ಕೊಳೆನೀರು) ಬರುವ ಬಯೋಗ್ಯಾಸ್ ತೆಗೆದುಕೊಳ್ಳಿ. ಮೀಥೇನ್ ಶೇಕಡ 60, ಕಾರ್ಬನ್ ಡೈಆಕ್ಸೈಡ್ ಶೇಕಡ 40 ಇದ್ದರೆ:

0.6 × 16.04 + 0.4 × 44.01 = 27.23

ಗಂಟೆಗೆ 100 ಕಿಲೋ ಬಯೋಗ್ಯಾಸ್ ಎಂದರೆ 100 ÷ 27.23 = 3.67 ಕಿಲೋಮೋಲ್. 'ಬಯೋಗ್ಯಾಸ್ ಅಂದ್ರೆ ಮೀಥೇನ್ ತಾನೆ' ಎಂದು 16.04ರಿಂದ ಭಾಗಿಸಿದವರಿಗೆ 6.23 ಬರುತ್ತದೆ. ಅನಿಲಗಳಲ್ಲಿ ಗಾತ್ರದ ಶೇಕಡವಾರನ್ನೇ ಮೋಲ್ ಶೇಕಡವಾರು ಎಂದು ಹಿಡಿಯಬಹುದು. ದ್ರವಗಳಲ್ಲಿ ಹಾಗೆ ಮಾಡಬೇಡಿ.

ಹೆಜ್ಜೆ 4: ನಾರ್ಮಲ್, ಸ್ಟ್ಯಾಂಡರ್ಡ್ ಗಾತ್ರದಿಂದ ಮೋಲ್‌ಗೆ

ಎನ್‌ಎಂ ಕ್ಯೂಬ್, ಎಸ್‌ಸಿಎಂ (ಸ್ಟ್ಯಾಂಡರ್ಡ್ ಕ್ಯೂಬಿಕ್ ಮೀಟರ್), ಎಸ್‌ಎಲ್‌ಪಿಎಂ (ನಿಮಿಷಕ್ಕೆ ಇಷ್ಟು ಸ್ಟ್ಯಾಂಡರ್ಡ್ ಲೀಟರ್), ಎಸ್‌ಸಿಸಿಎಂ ಇವೆಲ್ಲ ಗಾತ್ರದ ವೇಷ ಹಾಕಿದ ಮೋಲ್‌ಗಳೇ. ಅನಿಲವನ್ನು ಇಂಥ ತಾಪಮಾನಕ್ಕೆ, ಇಂಥ ಒತ್ತಡಕ್ಕೆ ತಂದು ಅಳೆದರೆ ಎಷ್ಟು ಜಾಗ ಹಿಡಿದೀತು ಎಂದು ಹೇಳುವ ಅಂಕಿಗಳು ಇವು. ಆ ಷರತ್ತು ಗೊತ್ತಾದರೆ ಒಂದು ಮೋಲ್ ಎಷ್ಟು ಲೀಟರ್ ಎಂಬುದು ಗೊತ್ತಾಗುತ್ತದೆ. ಆಮೇಲೆ ಭಾಗಾಕಾರ ಮಾತ್ರ.

0 ಡಿಗ್ರಿ, 101.325 ಕಿಲೋಪಾಸ್ಕಲ್: 22.414 ಲೀಟರ್/ಮೋಲ್
0 ಡಿಗ್ರಿ, 100 ಕಿಲೋಪಾಸ್ಕಲ್: 22.711
15 ಡಿಗ್ರಿ, 101.325 ಕಿಲೋಪಾಸ್ಕಲ್: 23.645
20 ಡಿಗ್ರಿ, 101.325 ಕಿಲೋಪಾಸ್ಕಲ್: 24.055
25 ಡಿಗ್ರಿ, 101.325 ಕಿಲೋಪಾಸ್ಕಲ್: 24.465

ಲೀಟರ್/ಮೋಲ್ ಎಂದರೂ ಕ್ಯೂಬಿಕ್ ಮೀಟರ್/ಕಿಲೋಮೋಲ್ ಎಂದರೂ ಅಂಕಿ ಅದೇ.

ಮೊದಲ ಸಾಲು ಹಳೆಯ ತಲೆಮಾರಿನವರ ಬಾಯಿಪಾಠ, 22.4. ಈಗಿನ ಪಿಯುಸಿ ಮಕ್ಕಳನ್ನು ಕೇಳಿದರೆ 22.7 ಎನ್ನುತ್ತಾರೆ. ಅಪ್ಪ ಮಗಳು ಇಬ್ಬರೂ ಸರಿ. 1982ರಲ್ಲಿ ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟವು ಎಸ್‌ಟಿಪಿಯ (ಸ್ಟ್ಯಾಂಡರ್ಡ್ ತಾಪಮಾನ, ಒತ್ತಡ) ಒತ್ತಡವನ್ನು 1 ಅಟ್ಮಾಸ್ಫಿಯರ್‌ನಿಂದ 1 ಬಾರ್‌ಗೆ ಇಳಿಸಿತು. ಪಠ್ಯಪುಸ್ತಕ ಆ ದಾರಿ ಹಿಡಿಯಿತು, ಕಾರ್ಖಾನೆ ಮಾತ್ರ ಎನ್‌ಎಂ ಕ್ಯೂಬ್ ಎಂದಾಗ ಇವತ್ತಿಗೂ ಹಳೆಯ 22.414ನ್ನೇ ಹಿಡಿದುಕೊಂಡಿದೆ.

ಈಗ ನನ್ನ ನೈಟ್ರೋಜನ್ ಕಥೆ. ಬೇಕಿದ್ದುದು 500 ÷ 22.414 = 22.31 ಕಿಲೋಮೋಲ್/ಗಂಟೆ. ಬಂದದ್ದು 500 ÷ 24.465 = 20.44. ಗಂಟೆಗೆ 1.87 ಕಿಲೋಮೋಲ್ ಮಾಯ, ಶೇಕಡ 8.4.

ನೈಸರ್ಗಿಕ ಅನಿಲದ ಲೋಕದಲ್ಲಿ ಎಸ್‌ಸಿಎಂ ಎಂದರೆ ಭಾರತದಲ್ಲಿ 15 ಡಿಗ್ರಿ, 101.325 ಕಿಲೋಪಾಸ್ಕಲ್. ಪತ್ರಿಕೆಯಲ್ಲಿ ಓದುವ ಎಂಎಂಎಸ್‌ಸಿಎಂಡಿ ಎಂದರೆ ದಿನಕ್ಕೆ ದಶಲಕ್ಷ ಎಸ್‌ಸಿಎಂ. ಇಲ್ಲಿ ಒಂದು ಎಂ ಸಾವಿರ, ಎರಡು ಎಂ ಸೇರಿದರೆ ಸಾವಿರದ ಸಾವಿರ. ರೋಮನ್ ಅಂಕಿಯ ಪಳೆಯುಳಿಕೆ. 1 ಎಂಎಂಎಸ್‌ಸಿಎಂಡಿಯನ್ನು ಬಿಡಿಸಿದರೆ:

10,00,000 ÷ 23.645 ÷ 24 = 1,762 ಕಿಲೋಮೋಲ್/ಗಂಟೆ

ಕಾಗದದಲ್ಲಿ ಡಿ ಮುಂಚಿನ ಅಕ್ಷರ ಎಂ ಹೋಗಿ ಎಫ್ ಬಂದಿದ್ದರೆ ಅದು ಘನ ಅಡಿ, ಅಮೆರಿಕದ ಲೆಕ್ಕ. ಅದರ ಷರತ್ತು 60 ಡಿಗ್ರಿ ಫ್ಯಾರನ್‌ಹೀಟ್, ಒಂದು ಪೌಂಡ್‌ಮೋಲ್‌ಗೆ ಸುಮಾರು 379.5 ಘನ ಅಡಿ. 1 ಎಂಎಂಎಸ್‌ಸಿಎಫ್‌ಡಿ ಎಂದರೆ 109.8 ಪೌಂಡ್‌ಮೋಲ್/ಗಂಟೆ, ಅಂದರೆ 49.8 ಕಿಲೋಮೋಲ್/ಗಂಟೆ. ಒಂದೇ ಅಕ್ಷರ, 35 ಪಟ್ಟು ವ್ಯತ್ಯಾಸ.

ಲ್ಯಾಬಿನ ಮಾಸ್ ಫ್ಲೋ ಕಂಟ್ರೋಲರ್ ಎಸ್‌ಸಿಸಿಎಂ ತೋರಿಸುತ್ತದೆ, ನಿಮಿಷಕ್ಕೆ ಇಷ್ಟು ಸ್ಟ್ಯಾಂಡರ್ಡ್ ಸಿಸಿ. ಸೆಮಿಕಂಡಕ್ಟರ್ ರೂಢಿಯಂತೆ ಷರತ್ತು 0 ಡಿಗ್ರಿಯಾದರೆ 1 ಎಸ್‌ಸಿಸಿಎಂ = 44.6 ಮೈಕ್ರೋಮೋಲ್/ನಿಮಿಷ. ಆದರೆ 20 ಅಥವಾ 25 ಡಿಗ್ರಿ ಇಟ್ಟುಕೊಂಡ ಕಂಪನಿಗಳೂ ಇವೆ. ಕ್ಯಾಲಿಬ್ರೇಶನ್ ಸರ್ಟಿಫಿಕೇಟಿನಲ್ಲಿ ಇರುತ್ತದೆ, ತೆಗೆದು ನೋಡಿ.

2021ರ ಕೋವಿಡ್ ಎರಡನೇ ಅಲೆಯಲ್ಲಿ ಈ ಲೆಕ್ಕ ಮನೆ ಮನೆಗೆ ಬಂದಿತ್ತು, ಹೆಸರು ಗೊತ್ತಿರಲಿಲ್ಲ ಅಷ್ಟೇ. ಆಸ್ಪತ್ರೆಯ ಹಿತ್ತಲಿನ ಪಿಎಸ್‌ಎ ಪ್ಲಾಂಟ್‌ನ (ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸುವ ಘಟಕ) ಅಳತೆ ಎಲ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ ಎಷ್ಟು ಲೀಟರ್, ಟ್ಯಾಂಕರಿನಲ್ಲಿ ಬರುವ ದ್ರವ ಆಕ್ಸಿಜನ್‌ನ ಅಳತೆ ಟನ್‌ನಲ್ಲಿ. 1000 ಎಲ್‌ಪಿಎಂ ಪ್ಲಾಂಟ್ ಎಷ್ಟು ಟನ್‌ಗೆ ಸಮ? ಪಿಎಸ್‌ಎ ಆಕ್ಸಿಜನ್ ಸುಮಾರು ಶೇಕಡ 93 ಶುದ್ಧ. 0 ಡಿಗ್ರಿಯ ಲೀಟರ್ ಎಂದು ಹಿಡಿದರೆ:

1000 ÷ 22.414 = 44.6 ಮೋಲ್/ನಿಮಿಷ = 2.68 ಕಿಲೋಮೋಲ್/ಗಂಟೆ
ಅದರ ಶೇಕಡ 93 = 2.49 ಕಿಲೋಮೋಲ್/ಗಂಟೆ ಶುದ್ಧ ಆಕ್ಸಿಜನ್
2.49 × 32 ≈ 79.7 ಕಿಲೋ/ಗಂಟೆ, ಅಂದರೆ ದಿನಕ್ಕೆ 1.91 ಟನ್

ಅದೇ ಲೀಟರ್ 25 ಡಿಗ್ರಿಯದಾಗಿದ್ದರೆ 1.75 ಟನ್. ನಡುವಿನ ವ್ಯತ್ಯಾಸ ದಿನಕ್ಕೆ 160 ಕಿಲೋ ಆಕ್ಸಿಜನ್.

ಹೆಜ್ಜೆ 5: ನಿಜವಾದ ಕ್ಯೂಬಿಕ್ ಮೀಟರ್‌ನಿಂದ ಮೋಲ್‌ಗೆ

ರೋಟಾಮೀಟರ್ (ಒಳಗೆ ಬೊಂಬೆ ತೇಲಿ ಹರಿವು ತೋರಿಸುವ ಕೊಳವೆ), ಬ್ಲೋವರ್‌ನ ನೇಮ್‌ಪ್ಲೇಟ್, ಕಂಪ್ರೆಸರ್‌ನ ಸಕ್ಷನ್, ಇಲ್ಲೆಲ್ಲ ಇರುವುದು ಆ ಕ್ಷಣದ, ಆ ಜಾಗದ ಗಾತ್ರ. ಇಲ್ಲಿ ಸಿದ್ಧ ಪಟ್ಟಿ ಕೆಲಸಕ್ಕೆ ಬಾರದು, ಆದರ್ಶ ಅನಿಲದ ಸಮೀಕರಣಕ್ಕೇ ಹೋಗಬೇಕು:

ಕಿಲೋಮೋಲ್/ಗಂಟೆ = ಒತ್ತಡ × ಗಾತ್ರ ÷ (8.314 × ತಾಪಮಾನ)

ಒತ್ತಡ ಕಿಲೋಪಾಸ್ಕಲ್‌ನಲ್ಲಿ, ಗಾತ್ರ ಕ್ಯೂಬಿಕ್ ಮೀಟರ್/ಗಂಟೆಯಲ್ಲಿ, ತಾಪಮಾನ ಕೆಲ್ವಿನ್‌ನಲ್ಲಿ. ಡಿಗ್ರಿಗೆ 273.15 ಕೂಡಿಸಿದರೆ ಕೆಲ್ವಿನ್.

ಎರಡು ಊರು ನೋಡೋಣ. ಮಂಗಳೂರು ಸಮುದ್ರದ ಮಗ್ಗುಲಲ್ಲಿದೆ, ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಬೆಂಗಳೂರು 900 ಮೀಟರಿಗಿಂತ ಮೇಲಿದೆ, ಅಲ್ಲಿ ಸುಮಾರು 91. ಎರಡೂ ಕಡೆ 27 ಡಿಗ್ರಿ, ಒಂದೇ ಮಾಡೆಲ್ ಬ್ಲೋವರ್, ಗಂಟೆಗೆ 100 ಕ್ಯೂಬಿಕ್ ಮೀಟರ್ ಗಾಳಿ.

ಮಂಗಳೂರು: 101.3 × 100 ÷ (8.314 × 300.15) = 4.06 ಕಿಲೋಮೋಲ್/ಗಂಟೆ
ಬೆಂಗಳೂರು: 91 × 100 ÷ (8.314 × 300.15) = 3.65 ಕಿಲೋಮೋಲ್/ಗಂಟೆ

ಯಂತ್ರ ಅದೇ, ಆರ್‌ಪಿಎಂ ಅದೇ, ಆದರೆ ಬೆಂಗಳೂರಿನಲ್ಲಿ ಗಾಳಿ ಶೇಕಡ 10 ಕಡಿಮೆ. ಕರಾವಳಿಯಲ್ಲಿ ಓಡುತ್ತಿದ್ದ ಡಿಸೈನನ್ನು ಪೀಣ್ಯಕ್ಕೆ ತಂದು ಹಾಗೇ ಕೂರಿಸಿದರೆ ಬರ್ನರ್‌ಗೆ ಗಾಳಿ ಸಾಲದೆ ಕಪ್ಪು ಹೊಗೆ ಬಂದರೆ ಆಶ್ಚರ್ಯವೇನು?

ಇನ್ನು ಗೇಜ್ ಒತ್ತಡ. ನಮ್ಮ ಪ್ಲಾಂಟುಗಳಲ್ಲಿ ಗೇಜ್ ತೋರಿಸುವುದು ಕಿಲೋ/ಚದರ ಸೆಂಮೀ. 'ಏಳು ಕೇಜಿ ಪ್ರೆಶರ್ ಇದೆ' ಎಂದು ಆಪರೇಟರ್ ಹೇಳಿದರೆ ಅದು ಹೊರಗಿನ ಗಾಳಿಗಿಂತ ಏಳು ಹೆಚ್ಚು ಎಂದರ್ಥ. ಸಮೀಕರಣಕ್ಕೆ ಬೇಕಾದದ್ದು ಪೂರ್ತಿ ಒತ್ತಡ. ಒಂದು ಕಿಲೋ/ಚದರ ಸೆಂಮೀಗೆ 98.07 ಕಿಲೋಪಾಸ್ಕಲ್. ಬೆಂಗಳೂರಿನಲ್ಲಿ:

7 × 98.07 + 91 = 777.5 ಕಿಲೋಪಾಸ್ಕಲ್

35 ಡಿಗ್ರಿಯಲ್ಲಿ ಆ ಲೈನಿನಲ್ಲಿ ಗಂಟೆಗೆ 10 ಕ್ಯೂಬಿಕ್ ಮೀಟರ್ ಹರಿದರೆ 777.5 × 10 ÷ (8.314 × 308.15) = 3.03 ಕಿಲೋಮೋಲ್/ಗಂಟೆ. 91ನ್ನು ಕೂಡಿಸಲು ಮರೆತರೆ 2.68 ಬರುತ್ತದೆ, ಶೇಕಡ 12ರಷ್ಟು ಖೋತಾ. ತಾಪಮಾನವನ್ನು ಕೆಲ್ವಿನ್‌ಗೆ ಬದಲಿಸಲು ಮರೆತರೆ ಉತ್ತರ ಎಂಟೊಂಬತ್ತು ಪಟ್ಟು ಉಬ್ಬುತ್ತದೆ. ಅಂಥ ತಪ್ಪು ಕಣ್ಣಿಗೆ ಹೊಡೆದು ಕಾಣುವುದರಿಂದ ಅಪಾಯ ಕಡಿಮೆ. ಶೇಕಡ 12ರ ತಪ್ಪು ಹಾಗಲ್ಲ, ತಿಂಗಳುಗಟ್ಟಲೆ ಲಾಗ್‌ಶೀಟಿನಲ್ಲಿ ಸುಮ್ಮನೆ ಕೂತಿರುತ್ತದೆ.

ಅನಿಲ ತೇವವಾಗಿದ್ದರೆ ನೀರಿನ ಆವಿಯ ಪಾಲನ್ನು ಕಳೆಯಿರಿ. 35 ಡಿಗ್ರಿಯಲ್ಲಿ ಆವಿಯ ಒತ್ತಡ ಸುಮಾರು 5.6 ಕಿಲೋಪಾಸ್ಕಲ್. ಒಟ್ಟು 91ರಲ್ಲಿ ಅದು ಶೇಕಡ 6. ಡೈಜೆಸ್ಟರ್‌ನಿಂದ ಆಗಷ್ಟೇ ಹೊರಬಂದ ಬಯೋಗ್ಯಾಸ್ ಹೀಗೇ ತೊಯ್ದಿರುತ್ತದೆ.

ಒತ್ತಡ ತೀರಾ ಹೆಚ್ಚಾದರೆ ಆದರ್ಶ ಅನಿಲದ ಸಮೀಕರಣ ಕೈಕೊಡುತ್ತದೆ. 50 ಬಾರ್‌ನಲ್ಲಿ, ಕೋಣೆಯ ತಾಪಮಾನದಲ್ಲಿ ಮೀಥೇನ್‌ನ ಕಂಪ್ರೆಸಿಬಿಲಿಟಿ ಫ್ಯಾಕ್ಟರ್, ಅಂದರೆ ನಿಜವಾದ ಗಾತ್ರ ಆದರ್ಶ ಗಾತ್ರದ ಎಷ್ಟು ಪಾಲು ಎಂಬ ಅಂಕಿ, ಸುಮಾರು 0.9. ಬಂದ ಉತ್ತರವನ್ನು ಅದರಿಂದ ಭಾಗಿಸಬೇಕು, ಮೋಲ್ ಹತ್ತಿರ ಹತ್ತಿರ ಶೇಕಡ 10 ಏರುತ್ತದೆ. ಐದಾರು ಬಾರ್ ಒಳಗಿನ ಗಾಳಿ, ನೈಟ್ರೋಜನ್, ಆಕ್ಸಿಜನ್‌ಗೆ ಈ ತಲೆನೋವು ಬೇಡ.

ಹೆಜ್ಜೆ 6: ಬೇರೆ ದಾರಿಯಲ್ಲಿ ಹೋಗಿ ತಾಳೆ ನೋಡಿ

ಅದೇ ಲೆಕ್ಕವನ್ನು ಇನ್ನೊಮ್ಮೆ ಒತ್ತಿದರೆ ಅದೇ ತಪ್ಪು ಇನ್ನೊಮ್ಮೆ ಬರುತ್ತದೆ. ಬೇರೆ ದಾರಿ ಹಿಡಿಯಿರಿ. ದಿನಕ್ಕೆ 1000 ಟನ್ ಅಮೋನಿಯಾ ಮಾಡುವ ಘಟಕಕ್ಕೆ ಎಷ್ಟು ಹೈಡ್ರೋಜನ್ ಬೇಕು ಎಂದು ನೋಡೋಣ. ಅಣುತೂಕ 17.031ರಿಂದ ಭಾಗಿಸಿದರೆ ಅಮೋನಿಯಾ 2,446 ಕಿಲೋಮೋಲ್/ಗಂಟೆ. ಎರಡು ಅಮೋನಿಯಾಕ್ಕೆ ಮೂರು ಹೈಡ್ರೋಜನ್, ಒಂದು ನೈಟ್ರೋಜನ್. ಹಾಗಾಗಿ ಹೈಡ್ರೋಜನ್ 3,670, ನೈಟ್ರೋಜನ್ 1,223 ಕಿಲೋಮೋಲ್/ಗಂಟೆ. ಈಗ ಎರಡನ್ನೂ ತೂಕಕ್ಕೆ ತನ್ನಿ: 3,670 × 2.016 = 7,399 ಕಿಲೋ, 1,223 × 28.014 = 34,261 ಕಿಲೋ. ಕೂಡಿಸಿದರೆ ಗಂಟೆಗೆ 41,660 ಕಿಲೋ, 24ರಿಂದ ಗುಣಿಸಿದರೆ 1000 ಟನ್. ಹೋದದ್ದೂ ಬಂದದ್ದೂ ಸರಿಹೋಯಿತು. ಇನ್ನು ಹೈಡ್ರೋಜನ್ನನ್ನು 22.414ರಿಂದ ಗುಣಿಸಿ ಗಂಟೆಗೆ ಸುಮಾರು 82,260 ಎನ್‌ಎಂ ಕ್ಯೂಬ್ ಎಂದು ಧೈರ್ಯವಾಗಿ ಬರೆಯಬಹುದು.

ಎಕ್ಸೆಲ್‌ನಲ್ಲಿ ಮಾಡುವವರಿಗೆ ಒಂದು ಮಾತು. 22.414 ಎಂಬುದನ್ನು ಫಾರ್ಮುಲಾದ ಹೊಟ್ಟೆಯೊಳಗೆ ಹುದುಗಿಸಬೇಡಿ. ತಾಪಮಾನಕ್ಕೊಂದು, ಒತ್ತಡಕ್ಕೊಂದು ಸೆಲ್ ಇಟ್ಟು, ಮೋಲ್‌ನ ಗಾತ್ರ ಅಲ್ಲಿಂದಲೇ ಲೆಕ್ಕವಾಗಿ ಬರಲಿ. ನಿಮ್ಮ ನಂತರ ಆ ಶೀಟ್ ತೆರೆಯುವ ಹುಡುಗ ಯಾವ ಷರತ್ತು ಎಂದು ಊಹಿಸುತ್ತಾ ಕೂರುವುದು ತಪ್ಪುತ್ತದೆ.

ಆ ನೈಟ್ರೋಜನ್ ಯೂನಿಟ್‌ಗೆ ಕೊನೆಗೆ ಪಕ್ಕದಲ್ಲೊಂದು ಚಿಕ್ಕ ಸ್ಕಿಡ್ (ಚೌಕಟ್ಟಿನ ಮೇಲೆ ಜೋಡಿಸಿ ತರುವ ಸಿದ್ಧ ಯೂನಿಟ್) ತಂದು ಕೂರಿಸಿದೆವು. ಅದರ ಇಂಡೆಂಟ್ ಬರೆದವನೂ ನಾನೇ. ಈ ಸಲ ಬರೆದದ್ದು ಹೀಗೆ: 'ಗಂಟೆಗೆ 45 ನಾರ್ಮಲ್ ಕ್ಯೂಬಿಕ್ ಮೀಟರ್, 0 ಡಿಗ್ರಿ ಸೆಲ್ಸಿಯಸ್, 101.325 ಕಿಲೋಪಾಸ್ಕಲ್ ಅಬ್ಸಲ್ಯೂಟ್, ಒಣ ಅನಿಲ, ಅಂದರೆ 2.01 ಕಿಲೋಮೋಲ್/ಗಂಟೆ.' ಪರ್ಚೇಸ್‌ನವರು ಫೋನ್ ಮಾಡಿ, 'ಇಷ್ಟುದ್ದ ಯಾಕೆ ಸಾರ್, ಕಾಲಮ್ಮಿನಲ್ಲಿ ಹಿಡಿಯೋದಿಲ್ಲ' ಎಂದರು. ಎರಡು ಸಾಲಾದರೂ ಪರವಾಗಿಲ್ಲ, ಹಾಗೇ ಟೈಪ್ ಮಾಡಿ ಎಂದೆ.